ಪ್ರತಿಕ್ರಿಯೆ: ಆಫ್‌ಲೈನ್ ಡೆಬಿಯನ್‌ನಲ್ಲಿ 'ರಿಲೀಸ್ ಫೈಲ್ ಅವಧಿ ಮುಗಿದಿದೆ' ದೋಷ
ಆಪ್ಟ್-ಮಿರರ್ ಎಂಬ ನಕಲು ಸಾಧನದಿಂದ ಇಳಿಸಿದ ಡೆಬಿಯನ್ 12 ಲಿನಕ್ಸ್‌ನ ರೆಪೊಸಿಟರಿಯನ್ನು (ಪ್ಯಾಕೇಜ್ ಭಂಡಾರವನ್ನು) ಡಿಸ್ಕ್‌ನಲ್ಲಿ ಒಯ್ದು ಇಂಟರ್‌ನೆಟ್ ಇಲ್ಲದ ಯಂತ್ರಗಳಿಗೆ ಕೊಟ್ಟರೆ, ವಾರ ಕಳೆದ ಮೇಲೆ ಅವಧಿ ಮುಗಿದಿದೆ ಎಂಬ ದೋಷ ಬರುತ್ತದೆ ಅಂದಿದ್ದೀರಿ. ನಿಮ್ಮ ಮಿರರ್ ಕೆಟ್ಟಿಲ್ಲ. ಸೆಕ್ಯುರಿಟಿ ಮತ್ತು ಅಪ್‌ಡೇಟ್ಸ್ ವಿಭಾಗಗಳ ರಿಲೀಸ್ ಫೈಲ್‌ಗೆ (ಪ್ಯಾಕೇಜ್ ಪಟ್ಟಿಗಳ ವಿವರವಿರುವ, ಡಿಜಿಟಲ್ ಸಹಿ ಹಾಕಿದ ಫೈಲ್) ಸುಮಾರು 7 ದಿನಗಳ ಗಡುವಿರುತ್ತದೆ. ಯಾರೋ ಹಳೇ ಪಟ್ಟಿಯನ್ನೇ ತೋರಿಸುತ್ತ ನಿಮಗೆ ಪ್ಯಾಚ್ ಸಿಗದಂತೆ ಮಾಡಬಾರದು ಅನ್ನುವುದೇ ಅದರ ಉದ್ದೇಶ. ಮುಖ್ಯ ಬಿಡುಗಡೆಗೆ ಈ ಗಡುವಿಲ್ಲ, ಹಾಗಾಗಿ ಅದರಲ್ಲಿ ದೋಷ ಕಾಣಿಸುವುದಿಲ್ಲ.

ಸೋರ್ಸಸ್ ಪಟ್ಟಿಯಲ್ಲಿ (ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್‌ಗೆ ಹೇಳುವ ಫೈಲ್) ಸೆಕ್ಯುರಿಟಿ, ಅಪ್‌ಡೇಟ್ಸ್ ಎಂಬ ಆ ಎರಡು ಸಾಲುಗಳ ಚೌಕಾವರಣದೊಳಗೆ ಮಾತ್ರ 'ಚೆಕ್-ವ್ಯಾಲಿಡ್-ಅಂಟಿಲ್' ಆಯ್ಕೆಗೆ 'ನೋ' ಕೊಡಿ. 'ಟ್ರಸ್ಟೆಡ್' ಆಯ್ಕೆಗೆ 'ಯೆಸ್' ಕೊಡಿ ಎಂಬ ಸಲಹೆಯೂ ಸಿಗುತ್ತದೆ, ದಯವಿಟ್ಟು ಅದು ಬೇಡ. ಅದರಿಂದ ಸಹಿ ಪರಿಶೀಲನೆಯೇ ನಿಷ್ಫಲವಾಗುತ್ತದೆ. ಕೈಯಿಂದ ಕೈಗೆ ಹೋಗುವ ಡಿಸ್ಕ್‌ಗೆ ಇರುವ ನಿಜವಾದ ಕಾವಲು ಆ ಸಹಿಯೇ.

ಆಫ್‌ಲೈನ್ ಸರ್ವರ್‌ಗೆ ಆರ್‌ಸಿಂಕ್ (ಫೈಲ್ ನಕಲು ಸಾಧನ) ಮಾಡುವಾಗ ಕ್ರಮ ಮುಖ್ಯ: ಮೊದಲು ಪೂಲ್ (ಡೆಬ್ ಪ್ಯಾಕೇಜ್ ಫೈಲ್‌ಗಳಿರುವ ಫೋಲ್ಡರ್), ಆಮೇಲೆ ಡಿಸ್ಟ್ಸ್ (ಪಟ್ಟಿಗಳಿರುವ ಫೋಲ್ಡರ್), ಹಳೆಯ ಫೈಲ್ ಅಳಿಸುವುದು ಕೊನೆಗೆ. ಡಿಸ್ಟ್ಸ್ ಮೊದಲು ಹೋಗಿ ನಕಲು ನಡುವೆ ನಿಂತರೆ ಪಟ್ಟಿಯಲ್ಲಿ ಹೆಸರಿರುತ್ತದೆ, ಡೆಬ್ ಫೈಲ್ ಇರುವುದಿಲ್ಲ. ಡಿಸ್ಕ್‌ನ ಫೈಲ್‌ಸಿಸ್ಟಮ್ ಎಕ್ಸ್‌ಟಿ4 ಆಗಿರಲಿ, ಎಕ್ಸ್‌ಫ್ಯಾಟ್‌ನಲ್ಲಿ ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ತೋರಿಸುವ ಕೊಂಡಿ) ಉಳಿಯುವುದಿಲ್ಲ.

ಡಿಸ್ಕ್‌ನಿಂದಲೇ ನೇರವಾಗಿ ಇನ್‌ಸ್ಟಾಲ್ ಮಾಡುವುದಾದರೆ ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡಿದ (ಡಿಸ್ಕ್ ತೆರೆದುಕೊಟ್ಟ) ಜಾಗ ಬಳಸಬೇಡಿ. ಆಪ್ಟ್ ಡೌನ್‌ಲೋಡ್ ಕೆಲಸಕ್ಕೆ ಬಳಸುವ ಪ್ರತ್ಯೇಕ ಬಳಕೆದಾರನಿಗೆ ಅಲ್ಲಿ ಓದಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ.

'ಇನ್ನೂ ಮಾನ್ಯವಾಗಿಲ್ಲ' ಎಂದು ಬಂದರೆ ಮಾತ್ರ ಕಾರಣ ಬೇರೆ: ಆ ಯಂತ್ರದ ಗಡಿಯಾರ ಹಿಂದಿದೆ, ದಿನಾಂಕ ಸರಿಪಡಿಸಿ.