ಕೋಟೆ ತೋರಿಸುವಾಗ ಜನ ಚದುರಿದರೆ

ಮಡಿಕೇರಿ ಕೋಟೆಯಲ್ಲಿ ಗೈಡ್ ಆಗಿ ಐದು ನಿಮಿಷ ಮಾತಾಡುವಷ್ಟರಲ್ಲಿ ಪ್ರವಾಸಿಗರ ಗುಂಪು ಚದುರುತ್ತದೆ ಅಂತ ಬರೆದಿದ್ದೀರಿ. ಬಹುಶಃ ಬಾಗಿಲಲ್ಲೇ ನಿಂತು ರಾಜರ ವಂಶಾವಳಿ ಶುರು ಮಾಡುತ್ತಿದ್ದೀರಿ. ಎದುರಿಗೆ ಏನೂ ಕಾಣದೆ ಬರೀ ಇಸವಿ ಕೇಳಿದರೆ ಯಾರ ತಲೆಗೂ ಹತ್ತುವುದಿಲ್ಲ. ನನಗೂ ಹೀಗೇ ಆಗುತ್ತಿತ್ತು.

ಮೊದಲು ಸೀದಾ ಗಾರೆ ಆನೆಗಳ ಹತ್ತಿರ ಕರೆದುಕೊಂಡು ಹೋಗಿ. ಎರಡೂ ನಿಜವಾದ ಆನೆಯಷ್ಟೇ ದೊಡ್ಡವು. ಜನ ಫೋಟೊ ತೆಗೆದುಕೊಳ್ಳಲಿ, ತಡೆಯಬೇಡಿ. ಆಮೇಲೆ ಕೋಟೆ ಗೋಡೆಯ ಬಳಿ ನಿಲ್ಲಿಸಿ, ತಣ್ಣಗಿನ ಕಲ್ಲಿನ ಮೇಲೆ ಕೈ ಇಡಿಸಿ. "ಈ ಕಲ್ಲು ಬರುವ ಮೊದಲು ಇಲ್ಲಿ ಏನಿತ್ತು?" ಅಂತ ಕೇಳಿ ಸುಮ್ಮನಿರಿ. ಆ ಮೌನ ತುಂಬಾ ಮುಖ್ಯ, ಯಾರಾದರೂ ಒಬ್ಬರು ಬಾಯಿ ಬಿಟ್ಟೇ ಬಿಡುತ್ತಾರೆ. ಆಗ ಹೇಳಿ: 17ನೇ ಶತಮಾನದಲ್ಲಿ ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ, ಕಲ್ಲಿನದು ಟಿಪ್ಪು ಕಾಲದ್ದು.

ಅರಮನೆ ಎದುರು, ಅದನ್ನು ಹೊಸದಾಗಿ ಕಟ್ಟಿಸಿದ ಅರಸ ಲಿಂಗರಾಜನ ಮಾತು ಸಾಕು. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಥೆಯನ್ನು ಕೋಟೆ ಒಳಗಿನ ಹಳೇ ಚರ್ಚಿಗೆ ಉಳಿಸಿಕೊಳ್ಳಿ. ಈಗ ಅದು ಮ್ಯೂಸಿಯಂ, ಅಲ್ವಾ? ಮಳೆ ಜಾಸ್ತಿ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೇಳಿದ ಕಥೆ ಹೇಳುವಾಗ "ಹೀಗಂತ ಜನ ಹೇಳುತ್ತಾರೆ" ಅಂತ ಸೇರಿಸಿ. ಊರಿನವರೂ ಗುಂಪಿನಲ್ಲಿ ಇರುತ್ತಾರೆ.

ಶಾಲೆ ಮಕ್ಕಳ ದೊಡ್ಡ ಗುಂಪಿಗೆ ಇದು ಎಷ್ಟು ಹೊಂದುತ್ತದೋ ಹೇಳಲಾರೆ, ನಾನು ಮಾಡಿದ್ದು ಹದಿನೈದು ಜನರೊಳಗೆ. ಮುಂದಿನ ಗುಂಪಿಗೆ ಆನೆಯಿಂದ ಗೋಡೆವರೆಗೆ ಮಾತ್ರ ಮಾಡಿ ನೋಡಿ.