ಎರಡೂ ಬದಿ ಗುಡಿ, ಚಕ್ರವರ್ತಿಯ ತಲೆ ಇಲ್ಲದ ರೋಮನ್ ನಾಣ್ಯ

ನಿಮ್ಮ ರೋಮನ್ ನಾಣ್ಯದ ಎರಡೂ ಬದಿ ಗುಡಿಯೇ ಇದೆ, ಚಕ್ರವರ್ತಿಯ ಮುಖ ಸವೆದುಹೋಗಿದೆಯೇ ಅಂತ ಕೇಳಿದ್ದೀರಿ. ಸವೆದುಹೋಗಿರುವುದಲ್ಲ, ಮೊದಲಿಂದಲೂ ಇರಲಿಲ್ಲ. ನೀವು ಹೇಳಿದಂತೆ ಎರಡೂ ಬದಿ ಗುಡಿಯಿದ್ದರೆ, ಇದು ಬಹುಶಃ ರೋಮನ್ ಚಕ್ರವರ್ತಿ ನೀರೋನ ಹೆಂಡತಿ ಪೊಪ್ಪೇಯಾ ಮತ್ತು ಮಗಳು ಕ್ಲಾಡಿಯಾರ ಕಂಚಿನ ನಾಣ್ಯ. ಮಗು ಕ್ರಿ.ಶ. 63ರಲ್ಲಿ ಹುಟ್ಟಿ ಕೆಲವೇ ತಿಂಗಳಲ್ಲಿ ತೀರಿಕೊಂಡಿತು, ತಾಯಿ 65ರಲ್ಲಿ. ಇಬ್ಬರನ್ನೂ ದೇವತೆ ಮಾಡಿದರು.

ಮೊದಲು ಗುಡಿ ನೋಡಿ. ಎರಡು ಕಂಬದ ಗುಡಿಯಲ್ಲಿ ಕೂತ ಹೆಂಗಸಿದ್ದರೆ ಪೊಪ್ಪೇಯಾ ಬದಿ. ದುಂಡನೆಯ ಗುಡಿಯಲ್ಲಿ ನಿಂತ ಆಕೃತಿಯಿದ್ದರೆ ಮಗಳದು. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಸುತ್ತಲಿನ ಅಕ್ಷರ ಓದಿ. 'ದಿವಾ' (ದೇವತೆಯಾದವಳು) ಅಂತ ಲ್ಯಾಟಿನ್‌ನಲ್ಲಿರಬೇಕು, ಗ್ರೀಕ್ ಅಲ್ಲ. ಇಂದಿನ ಸಿರಿಯಾ-ಲೆಬನಾನ್ ಗಡಿಯ ಹರ್ಮೋನ್ ಬೆಟ್ಟದ ಬುಡದ ಸಿಸೇರಿಯಾ ಪನಿಯಾಸ್ ಎಂಬ ಹಳೆಯ ಊರಿನಲ್ಲಿ ಅಚ್ಚಾದದ್ದು ಅನ್ನುತ್ತಾರೆ. ಆದರೆ ನಾಣ್ಯದಲ್ಲಿ ಊರಿನ ಹೆಸರಿಲ್ಲ, ಹಾಗಾಗಿ ಅದು ಊಹೆಯೇ.

ಅಂಚಿನ ಸುತ್ತ ಜೋಡಣೆಯ ಗೆರೆ ಕಂಡರೆ ಎರಕದ ನಕಲಿ ಇರಬಹುದು. ಅಕ್ಷರ ಕಾಣಲಿ ಅಂತ ಹುಣಸೆಹಣ್ಣು ಮಾತ್ರ ಹಚ್ಚಬೇಡಿ!