ವಿಶ್ವವಿದ್ಯಾಲಯದ ವಿಜ್ಞಾನ ಪತ್ರಿಕೆಗೆ ಮೊದಲ ಪೇಪರ್ ಕಳಿಸಬಹುದಾ? ಹೇಗೆ ಕಳಿಸೋದು?

ನಿಮ್ಮ ಪ್ರಶ್ನೆ ಓದಿದೆ. ಪಿಎಚ್.ಡಿ. ಎರಡನೇ ವರ್ಷ. ಪಾವಗಡ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಅಳೆದಿದ್ದೀರಿ. ಗೈಡ್ ವಿಶ್ವವಿದ್ಯಾಲಯದ ವಿಜ್ಞಾನ ಪತ್ರಿಕೆಗೆ ಕಳಿಸಿ ಅಂದಿದ್ದಾರೆ. ಗೆಳೆಯರು ಅದಕ್ಕೆ ಬೆಲೆಯಿಲ್ಲ, ವಿದೇಶದ ಪತ್ರಿಕೆಗೇ ಕಳಿಸು ಅನ್ನುತ್ತಿದ್ದಾರೆ. ಈ ನಡುವೆ ದುಡ್ಡು ಕಟ್ಟಿದರೆ ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ ಅನ್ನೋ ಮೆಸೇಜ್ ಬೇರೆ ಬಂದಿದೆ. ಯಾರ ಮಾತು ಕೇಳಲಿ, ಹೇಗೆ ಕಳಿಸಲಿ ಅಂತ ಕೇಳಿದ್ದೀರಿ.

ನಾನು ಮಣ್ಣು ವಿಜ್ಞಾನದವನು. ನನ್ನ ಮೊದಲ ಪೇಪರ್ ಬಂದದ್ದು ಒಂದು ವಿಶ್ವವಿದ್ಯಾಲಯದ ಪತ್ರಿಕೆಯಲ್ಲೇ. ಈಗ ಎಂಟು ವರ್ಷದಿಂದ ಅಂಥ ಪತ್ರಿಕೆಗಳಿಗೆ ಬರುವ ಪೇಪರ್‌ಗಳನ್ನು ರಿವ್ಯೂ ಮಾಡಿಕೊಡುತ್ತಿದ್ದೇನೆ, ಅಂದರೆ ಪ್ರಕಟಿಸುವ ಮುಂಚೆ ಓದಿ ಸರಿ ತಪ್ಪು ಹೇಳುತ್ತೇನೆ. ನನ್ನ ಉತ್ತರ: ಕಳಿಸಿ. ಆದರೆ ಗೈಡ್ ಹೇಳಿದರು ಅಂತ ಕಳಿಸಬೇಡಿ. ಈ ಪೇಪರ್ ಯಾರ ಕೈಗೆ ಸೇರಬೇಕು ಅಂತ ಮೊದಲು ಯೋಚಿಸಿ, ಆಮೇಲೆ ಪತ್ರಿಕೆ ಆರಿಸಿ.

ನನಗೆ ಇದು ಅರ್ಥವಾಗಿದ್ದು ರಾಗಿಯಿಂದ. ಜಿಪಿಯು-28 ತಳಿಯ ರಾಗಿಗೆ ಕೆಂಪು ಮಣ್ಣಿನಲ್ಲಿ ಜಿಂಕ್ ಸಲ್ಫೇಟ್ ಕೊಟ್ಟರೆ ಇಳುವರಿ ಎಷ್ಟು ಏರುತ್ತದೆ ಅನ್ನೋದು ನನ್ನ ಕೆಲಸ. ಬರೆದು ಮುಗಿಸಿ, ಹೆಸರಿರುವ ಒಂದು ವಿದೇಶಿ ಪತ್ರಿಕೆಗೆ ಕಳಿಸಿದೆ. ಹತ್ತು ದಿನಕ್ಕೆ ವಾಪಸ್ ಬಂತು. ರಿವ್ಯೂಗೆ ಕೂಡ ಹೋಗಿರಲಿಲ್ಲ. 'ಇದು ಸ್ಥಳೀಯ ಆಸಕ್ತಿಯ ವಿಷಯ' ಅಂತ ಎರಡು ಸಾಲು ಬರೆದಿದ್ದರು. ಆವತ್ತು ಊಟ ಸೇರಲಿಲ್ಲ. ಎರಡು ವಾರ ಆ ಫೈಲ್ ತೆರೆಯಲಿಲ್ಲ. ಆಮೇಲೆ ಗೈಡ್ ಕೂರಿಸಿಕೊಂಡು ಕೇಳಿದರು: "ಸ್ಥಳೀಯ ಅಂದರೆ ತಪ್ಪೇನು? ಕೆಂಪು ಮಣ್ಣಿನಲ್ಲಿ ರಾಗಿ ಬೆಳೆಯೋರು ಎಲ್ಲಿದ್ದಾರೆ?" ಪೇಪರನ್ನು ವಿಶ್ವವಿದ್ಯಾಲಯದ ಪತ್ರಿಕೆಗೆ ಕಳಿಸಿದೆವು. ಅದು ಪ್ರಕಟವಾದ ಆರು ತಿಂಗಳಿಗೆ ಒಂದು ಕೃಷಿ ವಿಜ್ಞಾನ ಕೇಂದ್ರದಿಂದ ಫೋನ್ ಬಂತು. ನನ್ನ ಕೋಷ್ಟಕ ಮುಂದಿಟ್ಟುಕೊಂಡೇ ಮಾತಾಡುತ್ತಿದ್ದರು. ಎಕರೆಗೆ ಎಷ್ಟು, ಬಿತ್ತನೆಗೆ ಮುಂಚೆಯೋ ಆಮೇಲೋ, ಗೊಬ್ಬರದ ಜೊತೆ ಬೆರೆಸಬಹುದಾ ಅಂತ ಅರ್ಧ ಗಂಟೆ ಕೇಳಿದರು. ಆ ಫೋನ್ ನನಗೆ ಇವತ್ತಿಗೂ ದೊಡ್ಡದು.

ನಿಮ್ಮ ಕೆಲಸಕ್ಕೆ ಇದನ್ನೇ ಹಚ್ಚಿ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಯಾವ ಹಳ್ಳಿಯ ಯಾವ ಬಾವಿ ಇದನ್ನು ದಾಟಿದೆ ಅನ್ನೋದು ಯಾರಿಗೆ ಬೇಕು? ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಎಂಜಿನಿಯರಿಗೆ, ತಾಲ್ಲೂಕಿನ ವೈದ್ಯರಿಗೆ, ನಾಳೆ ಅದೇ ಬಾವಿಗಳಿಗೆ ಹೋಗುವ ಇನ್ನೊಬ್ಬ ವಿದ್ಯಾರ್ಥಿಗೆ. ಇವರು ಹುಡುಕುವುದು ಹತ್ತಿರದ ಪತ್ರಿಕೆಯಲ್ಲಿ, ಅದೂ ದುಡ್ಡಿಲ್ಲದೆ ಓದಲು ಸಿಗುವ ಕಡೆ. ಆದರೆ ನೀವು ಹೊಸ ಅಳತೆಯ ವಿಧಾನ ಕಂಡುಹಿಡಿದಿದ್ದರೆ, ಅಥವಾ ಬಂಡೆಯಿಂದ ಫ್ಲೋರೈಡ್ ನೀರಿಗೆ ಇಳಿಯುವ ಬಗೆಯನ್ನು ಬೇರೆ ಊರಿಗೂ ಹೊಂದುವ ಹಾಗೆ ವಿವರಿಸಿದ್ದರೆ, ಆಗ ಗೆಳೆಯರ ಮಾತೇ ಸರಿ. ಅದನ್ನು ದೂರದ ಪತ್ರಿಕೆಗೆ ಕಳಿಸಿ. ಒಂದು ಜಾಗವನ್ನು ಶ್ರದ್ಧೆಯಿಂದ ಅಳೆದ ಕೆಲಸಕ್ಕೂ ಎಲ್ಲ ಕಡೆ ಹೊಂದುವ ಮಾತು ಹೇಳುವ ಕೆಲಸಕ್ಕೂ ಮನೆ ಬೇರೆ ಬೇರೆ. ಇದರಲ್ಲಿ ಮೇಲು ಕೀಳು ಇಲ್ಲ.

ನಮ್ಮ ದೇಶದ ಸಂಸ್ಥೆಗಳು ತಾವೇ ನಡೆಸುವ ಪತ್ರಿಕೆಗಳಿಗೆ ಬೆಲೆಯಿಲ್ಲ ಅನ್ನೋರಿಗೆ ನಾನು 1928ರ ಕಥೆ ಹೇಳುತ್ತೇನೆ. ಆ ವರ್ಷ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನಲ್ಲಿ ತಾವು ಕಂಡುಹಿಡಿದ ಹೊಸ ಬಗೆಯ ಬೆಳಕಿನ ಬಗ್ಗೆ ಮಾತಾಡಿದರು. ಆ ಭಾಷಣ ಅಚ್ಚಾದದ್ದು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ. ಅದು ಕಲ್ಕತ್ತೆಯಲ್ಲಿ ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯದೇ ಪತ್ರಿಕೆ. ಅವರು ನೇಚರ್ ಪತ್ರಿಕೆಗೂ ಕಿರು ಟಿಪ್ಪಣಿ ಕಳಿಸಿದ್ದರು, ಅದೂ ಅದೇ ತಿಂಗಳು ಬಂತು. ಆದರೆ ವಿವರವಾದ ಬರಹ ಮನೆಯ ಪತ್ರಿಕೆಗೆ ಹೋಯಿತು. 1930ರಲ್ಲಿ ನೊಬೆಲ್ ಬಂತು. ನಮ್ಮಲ್ಲೇ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಜರ್ನಲ್ 1914ರಿಂದ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ 1967ರಿಂದ, ಧಾರವಾಡದ ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ 1988ರಿಂದ ಬರುತ್ತಿವೆ. ನಮ್ಮ ಜೋಳ, ರಾಗಿ, ತೊಗರಿ, ಅಡಿಕೆಯ ಬಗ್ಗೆ ಹಳೆಯ ಪ್ರಯೋಗದ ಲೆಕ್ಕ ಬೇಕಾದರೆ ನಾನು ಇವತ್ತಿಗೂ ಮೊದಲು ಅಲ್ಲಿಗೇ ಹೋಗೋದು.

ಹಾಗಂತ ವಿಶ್ವವಿದ್ಯಾಲಯದ ಹೆಸರಿದ್ದ ಮಾತ್ರಕ್ಕೆ ಎಲ್ಲ ಪತ್ರಿಕೆಯೂ ಒಳ್ಳೆಯದು ಅಂತಲ್ಲ. ಹಿಂದಿನ ಎರಡು ಮೂರು ಸಂಚಿಕೆ ತೆರೆದು ನೋಡಿ. ಸಮಯಕ್ಕೆ ಬಂದಿವೆಯಾ? ಬರೆದವರೆಲ್ಲ ಒಂದೇ ವಿಭಾಗದವರಾ, ಹೊರಗಿನವರೂ ಇದ್ದಾರಾ? ಸಂಪಾದಕ ಮಂಡಳಿಯಲ್ಲಿ ನಿಮ್ಮ ವಿಷಯ ಗೊತ್ತಿರುವವರು ಯಾರಿದ್ದಾರೆ? ನಿಮ್ಮದೇ ವಿಷಯದ ಒಂದು ಪೇಪರ್ ಪೂರ್ತಿ ಓದಿ. ಅದು ನಿಮಗೆ ತೃಪ್ತಿ ಕೊಟ್ಟರೆ ಸಾಕು.

ಇನ್ನು ಆ ವಾಟ್ಸಾಪ್ ಮೆಸೇಜ್. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಶುಲ್ಕ ತೆಗೆದುಕೊಳ್ಳೋದೇ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಪತ್ರಿಕೆಗಳೂ ಕೆಲವು ಶುಲ್ಕ ಪಡೆಯುತ್ತವೆ, ನಮ್ಮ ಕೆಲವು ಪತ್ರಿಕೆಗಳು ಲೇಖಕರಿಂದ ಚಂದಾ ಕೇಳುತ್ತವೆ. ಪೇಪರ್ ಓದುವ ಮುಂಚೆಯೇ ಪ್ರಕಟಿಸುತ್ತೇವೆ ಅಂತ ಮಾತು ಕೊಡ್ತಾರಲ್ಲ, ಅದು ಮೋಸದ ಗುರುತು. 2013ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತರು ಬೇಕಂತಲೇ ತಪ್ಪು ತುಂಬಿದ ನಕಲಿ ಪೇಪರನ್ನು 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು. ನನ್ನ ಜೊತೆ ಓದಿದ ಗೆಳೆಯನೊಬ್ಬ ಇಂಥ ಒಂದು ಕಡೆ ದುಡ್ಡು ಕಟ್ಟಿ ಹಾಕಿಸಿದ. ಎರಡು ವರ್ಷದಲ್ಲಿ ಆ ವೆಬ್‌ಸೈಟೇ ಇರಲಿಲ್ಲ. ಒಮ್ಮೆ ಪ್ರಕಟವಾದದ್ದು ಅಂತ ಬೇರೆ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. ಮೂರು ಮಳೆಗಾಲ ಹೊಲದಲ್ಲಿ ನಿಂತು ತೆಗೆದ ಲೆಕ್ಕ ಹಾಗೇ ಹೋಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಬಗೆಯ ಮೋಸವೂ ಇದೆ. ನಿಜವಾದ ಪತ್ರಿಕೆಯ ಹೆಸರಿನಲ್ಲೇ ನಕಲಿ ವೆಬ್‌ಸೈಟ್ ಮಾಡಿರುತ್ತಾರೆ. ಅದಕ್ಕೇ ಗೂಗಲ್‌ನಲ್ಲಿ ಸಿಕ್ಕ ಮೊದಲ ಕೊಂಡಿ ಒತ್ತಬೇಡಿ. ವಿಶ್ವವಿದ್ಯಾಲಯದ ಅಧಿಕೃತ ತಾಣಕ್ಕೆ ಹೋಗಿ ಅಲ್ಲಿಂದ ಪತ್ರಿಕೆಯ ಪುಟ ತೆರೆಯಿರಿ. ಐಎಸ್ಎಸ್ಎನ್ ಸಂಖ್ಯೆಯನ್ನು ಐಎಸ್ಎಸ್ಎನ್ ಪೋರ್ಟಲ್‌ನಲ್ಲಿ ಹಾಕಿ, ಹೆಸರು ಹೊಂದುತ್ತದಾ ನೋಡಿ. ಆ ಎಂಟು ಅಂಕಿ ಪತ್ರಿಕೆಯ ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ. 'ಯುಜಿಸಿ ಕೇರ್ ಪಟ್ಟಿಯಲ್ಲಿದೆ' ಅನ್ನೋ ಜಾಹೀರಾತಿಗೂ ಈಗ ಅರ್ಥವಿಲ್ಲ. ಅದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಪತ್ರಿಕೆಗಳ ಪಟ್ಟಿಯಾಗಿತ್ತು. ಆ ಪಟ್ಟಿಯನ್ನು ನಿಲ್ಲಿಸಿರುವುದಾಗಿ ಯುಜಿಸಿ 2025ರ ಫೆಬ್ರವರಿಯಲ್ಲೇ ಹೇಳಿದೆ. ಪಿಎಚ್.ಡಿ.ಗೆ ಪೇಪರ್ ಕಡ್ಡಾಯ ಅನ್ನೋ ನಿಯಮವನ್ನೂ ಯುಜಿಸಿ 2022ರಲ್ಲಿ ಕೈಬಿಟ್ಟಿತು. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು. ಆದ್ದರಿಂದ ಯಾವ ಪತ್ರಿಕೆ ನಡೆಯುತ್ತದೆ ಅಂತ ನಿಮ್ಮ ಪಿಎಚ್.ಡಿ. ವಿಭಾಗದಲ್ಲಿ ಕೇಳಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಈಗ ಕಳಿಸುವ ಕೆಲಸ. ಲೇಖಕರಿಗೆ ಸೂಚನೆಗಳು ಅಂತ ಒಂದು ಪುಟ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಎಷ್ಟು ಪದ, ಕೋಷ್ಟಕ ಎಲ್ಲಿ, ಉಲ್ಲೇಖ ಯಾವ ಶೈಲಿ, ಎಲ್ಲ ಅಲ್ಲೇ ಇರುತ್ತದೆ. ಅದನ್ನು ಪಾಲಿಸದೆ ಬಂದ ಪೇಪರನ್ನು ಸಂಪಾದಕರು ರಿವ್ಯೂವರ್‌ಗೆ ಕಳಿಸುವ ಮುಂಚೆಯೇ ವಾಪಸ್ ಮಾಡುತ್ತಾರೆ. ಈ ಪತ್ರಿಕೆಗಳ ಸಂಪಾದಕರು ಪಾಠ ಮಾಡಿಕೊಂಡು, ಪರೀಕ್ಷೆ ನಡೆಸಿಕೊಂಡು, ಉಳಿದ ಹೊತ್ತಿನಲ್ಲಿ ಈ ಕೆಲಸ ಮಾಡುವ ಪ್ರಾಧ್ಯಾಪಕರು. ಅವರ ಹೊತ್ತು ಉಳಿಸಿದರೆ ನಿಮ್ಮ ಪೇಪರ್ ಬೇಗ ಮುಂದೆ ಹೋಗುತ್ತದೆ.

ಹೆಸರಿನ ವಿಷಯ ಮೊದಲ ದಿನವೇ ತೀರ್ಮಾನ ಮಾಡಿ. ನಮ್ಮಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗುತ್ತವೆ. ಫಾರಂ ಸರ್‌ನೇಮ್ ಕೇಳುತ್ತದೆ. ಒಂದು ಪೇಪರ್‌ನಲ್ಲಿ ಎಚ್. ಎನ್. ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ ಎಚ್. ಎನ್., ಮತ್ತೊಂದರಲ್ಲಿ ಊರಿನ ಹೆಸರೇ ಸರ್‌ನೇಮ್. ಆಗ ಒಬ್ಬರ ಕೆಲಸ ಮೂವರ ಲೆಕ್ಕಕ್ಕೆ ಹೋಗುತ್ತದೆ. ಒಂದು ರೂಪ ಆರಿಸಿ, ಅದನ್ನೇ ಎಲ್ಲ ಕಡೆ ಬಳಸಿ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ ಅನ್ನೋ 16 ಅಂಕಿಯ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಇವತ್ತೇ ಮಾಡಿಸಿಕೊಳ್ಳಿ. ಲೇಖಕರ ಸಾಲಿನಲ್ಲಿ ಯಾರ ಹೆಸರು ಎಲ್ಲಿ ಅನ್ನೋದನ್ನು ಗೈಡ್ ಜೊತೆ ಕೂತು ಈಗಲೇ ಮಾತಾಡಿ. ಪೇಪರ್ ಒಪ್ಪಿಗೆಯಾದ ಮೇಲೆ ಈ ಮಾತು ಎತ್ತಿದರೆ ಮನಸ್ಸು ಮುರಿಯುತ್ತದೆ.

ಬರಹ ಬೇರೆಯವರದಕ್ಕೆ ಎಷ್ಟು ಹೋಲುತ್ತದೆ ಅಂತ ನೋಡುವ ಸಾಮ್ಯತೆಯ ಪರೀಕ್ಷೆಗೆ ಹೆದರಬೇಡಿ, ಆದರೆ ಉದಾಸೀನವೂ ಬೇಡ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗೆ ದಂಡವಿಲ್ಲ. ಶೇ 60 ದಾಟಿದ ಪ್ರಬಂಧಕ್ಕೆ ಪಿಎಚ್.ಡಿ. ನೋಂದಣಿಯೇ ರದ್ದಾಗಬಹುದು. ಹೆಚ್ಚಿನವರು ಸಿಕ್ಕಿಬೀಳೋದು ವಿಧಾನದ ಭಾಗದಲ್ಲಿ. ಸೀನಿಯರ್ ಪ್ರಬಂಧದಿಂದ ಸುಮ್ನೆ ನಕಲು ಮಾಡಿ ಅಂಟಿಸಿರುತ್ತಾರೆ. ನೀವು ಬಾಟಲಿ ತೊಳೆದದ್ದು ಹೇಗೆ, ನೀರು ತುಂಬುವ ಮುಂಚೆ ಪಂಪು ಎಷ್ಟು ಹೊತ್ತು ಓಡಿಸಿದಿರಿ, ಎಲೆಕ್ಟ್ರೋಡ್‌ನಲ್ಲಿ ಅಳೆದಿರಾ, ಬಣ್ಣದ ವಿಧಾನದಲ್ಲಾ, ಇದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಆಗ ನಕಲಿನ ಪ್ರಶ್ನೆಯೇ ಬರುವುದಿಲ್ಲ.

ಕೆಲವು ಪತ್ರಿಕೆಗಳು ಇಮೇಲ್‌ನಲ್ಲಿ ತೆಗೆದುಕೊಳ್ಳುತ್ತವೆ. ಹಲವು ಪತ್ರಿಕೆಗಳಲ್ಲಿ ಓಪನ್ ಜರ್ನಲ್ ಸಿಸ್ಟಮ್ಸ್ ಅನ್ನೋ ತಂತ್ರಾಂಶ ಇದೆ. ಖಾತೆ ತೆರೆದು, ಫೈಲ್ ಏರಿಸಿ, ಶೀರ್ಷಿಕೆ, ಸಾರಾಂಶ, ಲೇಖಕರ ವಿವರ ತುಂಬಬೇಕು. ಅರ್ಧ ಗಂಟೆಯ ಕೆಲಸ. ರಿವ್ಯೂವರ್‌ಗೆ ನಿಮ್ಮ ಹೆಸರು ಕಾಣಬಾರದು ಅನ್ನೋ ನಿಯಮ ಇದ್ದರೆ, ಮೊದಲ ಪುಟ ಬೇರೆ ಫೈಲ್ ಮಾಡಿ. ವರ್ಡ್ ಫೈಲ್‌ನ ಒಳಗೂ ಹೆಸರು ಅಡಗಿರುತ್ತದೆ, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಒತ್ತಿ ಅದನ್ನು ತೆಗೆಯಿರಿ. ಇಮೇಲ್ ನಿಮ್ಮ ಸ್ವಂತದ್ದು ಕೊಡಿ, ಪಿಎಚ್.ಡಿ. ಮುಗಿದ ಮೇಲೂ ಅದು ಇರಬೇಕಲ್ವಾ?

ಒಂದೇ ಪೇಪರನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ. ಇದು ಗಂಭೀರ ತಪ್ಪು. ಒಮ್ಮೆ ನನ್ನ ಹತ್ತಿರ ರಿವ್ಯೂಗೆ ಒಂದೇ ಪೇಪರ್ ಎರಡು ಪತ್ರಿಕೆಗಳಿಂದ ಬಂದಿತ್ತು. ನಾನು ಇಬ್ಬರು ಸಂಪಾದಕರಿಗೂ ಹೇಳಲೇಬೇಕಾಯಿತು. ಎರಡು ಕಡೆಯೂ ತಿರಸ್ಕಾರವಾಯಿತು. ಕಾಯೋದು ಕಷ್ಟ, ನನಗೆ ಗೊತ್ತು. ಎರಡು ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಪೇಪರ್ ಸಂಖ್ಯೆ ಹಾಕಿ ವಿನಯದಿಂದ ಒಂದು ಪತ್ರ ಬರೆಯಿರಿ. ಆಗಲೂ ಉತ್ತರವಿಲ್ಲ ಅಂದರೆ ಹಿಂದಕ್ಕೆ ಪಡೆಯುತ್ತಿದ್ದೇನೆ ಅಂತ ಬರೆದು, ಅವರು ಒಪ್ಪಿದ ಮೇಲೆ ಬೇರೆ ಕಡೆ ಕಳಿಸಿ.

ರಿವ್ಯೂ ಬಂದ ದಿನ ಏನೂ ಬರೆಯಬೇಡಿ. ನನ್ನ ರಾಗಿ ಪೇಪರಿಗೆ ಹದಿನೇಳು ಪ್ರಶ್ನೆ ಬಂದಿದ್ದವು. ಒಂದೇ ಹಂಗಾಮಿನ ಲೆಕ್ಕ ಸಾಲದು, ಎರಡನೆಯದು ಕೊಡಿ. ಬಿತ್ತನೆಗೆ ಮುಂಚೆ ಮಣ್ಣಿನಲ್ಲಿ ಜಿಂಕ್ ಎಷ್ಟಿತ್ತು? ಕೋಷ್ಟಕದಲ್ಲಿ ಸಿ.ಡಿ. (ಇಳುವರಿಯ ವ್ಯತ್ಯಾಸ ಆಕಸ್ಮಿಕವಲ್ಲ ಅನ್ನಲು ಅದು ಎಷ್ಟಿರಬೇಕು ಅನ್ನೋ ಅಂಕಿ) ಯಾಕಿಲ್ಲ? ಓದಿದಾಗ ಸಿಟ್ಟು ಬಂತು. ನಾಲ್ಕು ದಿನ ಬಿಟ್ಟು ಓದಿದಾಗ ಹದಿನಾಲ್ಕು ಪ್ರಶ್ನೆ ಸರಿಯಾಗಿಯೇ ಇದ್ದವು. ಎರಡನೇ ಹಂಗಾಮಿನಲ್ಲಿ ಮಳೆ ಕಡಿಮೆ ಇತ್ತು, ಜಿಂಕ್‌ನ ಲಾಭವೂ ಅರ್ಧಕ್ಕೆ ಇಳಿಯಿತು. ಆ ರಿವ್ಯೂವರ್ ಕೇಳದಿದ್ದರೆ ನಾನು ಜಾಸ್ತಿ ಹೇಳಿಬಿಡುತ್ತಿದ್ದೆ, ರೈತರು ಅದನ್ನು ನಂಬುತ್ತಿದ್ದರು. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ನಾನು ಋಣಿ.

ಉತ್ತರ ಬರೆಯುವಾಗ ಅವರ ಒಂದೊಂದು ಪ್ರಶ್ನೆಯನ್ನೂ ಹಾಗೇ ಇಟ್ಟು, ಕೆಳಗೆ ನಿಮ್ಮ ಉತ್ತರ, ಯಾವ ಪುಟದ ಯಾವ ಸಾಲು ಬದಲಾಯಿತು ಅಂತ ಬರೆಯಿರಿ. ಒಪ್ಪದ ಕಡೆ ಕಾರಣ ಕೊಟ್ಟು ಹೇಳಿ. ನಾನು ಮೂರು ಪ್ರಶ್ನೆಗೆ ಇಲ್ಲ ಅಂದಿದ್ದೆ, ಸಂಪಾದಕರು ಒಪ್ಪಿದರು. ಕೊನೆಗೆ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಕರಡು, ಬಂದಾಗ ಹಳ್ಳಿಗಳ ಹೆಸರು, ದಶಾಂಶದ ಚುಕ್ಕಿ ಎರಡನ್ನೂ ಗಮನವಿಟ್ಟು ನೋಡಿ. ಫ್ಲೋರೈಡ್ ವಿಷಯದಲ್ಲಿ 0.9 ಮತ್ತು 9 ಒಂದೇ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ಬೇಸಿಗೆಯ ಮಾದರಿ ಅಂತ ಮಾತ್ರ ಇದೆ. ಮಳೆಗಾಲ ಮುಗಿದ ಮೇಲೆ ಅದೇ ಬಾವಿಗಳಿಗೆ ಇನ್ನೊಮ್ಮೆ ಹೋಗಿ ಬನ್ನಿ. ಎರಡನ್ನೂ ಸೇರಿಸಿ ಒಂದೇ ಪೇಪರ್ ಮಾಡಿ, ಸಂಖ್ಯೆಗೋಸ್ಕರ ಎರಡಾಗಿ ಒಡೆಯಬೇಡಿ. ಬಾವಿಯ ಆಳ, ಮಾದರಿ ತೆಗೆದ ದಿನಾಂಕ ಎರಡೂ ಕೋಷ್ಟಕದಲ್ಲಿರಲಿ. ರಿವ್ಯೂ ಮಾಡುವವನಾಗಿ ನಾನು ಮೊದಲು ಕೇಳೋದು ಅವನ್ನೇ. ಪ್ರಕಟವಾದ ಮೇಲೆ ಒಂದು ಪ್ರತಿಯನ್ನು, ಜೊತೆಗೆ ಕನ್ನಡದಲ್ಲಿ ಒಂದು ಪುಟದ ಸಾರಾಂಶವನ್ನು, ನೀರು ಕೊಟ್ಟ ಗ್ರಾಮ ಪಂಚಾಯಿತಿಗಳಿಗೂ ತಲುಪಿಸಿ.